ಇರಲಿ ಬಿಡ್ರಿ

ನಮ್ಮ ಕಡೆಯ ಹೆಂಗಸರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಮಾತೊಂದಿದೆ: “ಇರಲಿ ಬಿಡ್ರಿ.” ಕಡ ಕೊಟ್ಟ ಜೋಳ ತಿರುಗಿ ಬರುವಾಗ ಒಂದು ಸೇರು ಕಡಿಮೆಯಾದರೆ, ಇರಲಿ ಬಿಡ್ರಿ. ಮದುವೆಮನೆಯಲ್ಲಿ ಮೂರು ದಿನ ಒಲೆಯ ಮುಂದೆ ಕುಳಿತವಳಿಗೆ ಉಡಿ ತುಂಬುವುದನ್ನೇ ಮರೆತರೆ, ಇರಲಿ ಬಿಡ್ರಿ. ನಾನೂ ಈ ಮಾತನ್ನು ಕೇಳುತ್ತ, ಆಡುತ್ತ ಐವತ್ತು ದಾಟಿದವಳು. ಇದೊಂದು ದೊಡ್ಡ ಗುಣವೆಂದೇ ತಿಳಿದಿದ್ದೆ. ಹೋದ ವರ್ಷ ನನ್ನ ತರಗತಿಯ ಇಬ್ಬರು ಹುಡುಗಿಯರು ಮೊಬೈಲ್ ಫೋನಿನಲ್ಲಿ ಎರಡು ನಿಮಿಷದ ಸಿನಿಮಾ ತೆಗೆದರು. ಆಗಿನಿಂದ ನನ್ನ ಆ ತಿಳಿವಳಿಕೆ ಮೊದಲಿನಷ್ಟು ಗಟ್ಟಿಯಾಗಿ ಉಳಿದಿಲ್ಲ.

ಸಿನಿಮಾ ಎಂದೆನಲ್ಲ, ಇಡೀ ಸಿನಿಮಾ ಅಲ್ಲ. ಸಿನಿಮಾದ ಆರಂಭ ಮಾತ್ರ. ಶಾಲಾ ಮಕ್ಕಳ ಕಿರುಚಿತ್ರಕ್ಕೆ ಒಂದು ಸ್ಪರ್ಧೆಯ ಕರೆ ಬಂದಿತ್ತು. ಮೊದಲು ಆರಂಭದ ಎರಡು ನಿಮಿಷ ಕಳಿಸಬೇಕು, ಅದು ಹಿಡಿಸಿದರೆ ಮುಂದಿನ ಮಾತು. ನಾನು ಮಕ್ಕಳನ್ನು ಇಬ್ಬಿಬ್ಬರಂತೆ ಜೋಡಿ ಮಾಡಿದೆ. ಇದರಲ್ಲಿ ಶಿಕ್ಷಣಶಾಸ್ತ್ರವೇನೂ ಇರಲಿಲ್ಲ. ಅರಕೇರಾದಂಥ ಊರಿನಲ್ಲಿ ಎಲ್ಲ ಮಕ್ಕಳ ಕೈಗೂ ಫೋನು ಸಿಗುವುದಿಲ್ಲ. ಇದ್ದವಳ ಜೊತೆ ಇಲ್ಲದವಳನ್ನು ಕೂಡಿಸಿದೆ, ಅಷ್ಟೆ.

ಹಾಗೆ ಕೂಡಿದ ಒಂದು ಜೋಡಿಯ ಕಥೆ ಇದು. ಹೆಸರು ಹೇಳುವುದಿಲ್ಲ. ಒಬ್ಬಳು ಎತ್ತರ, ಒಬ್ಬಳು ಗಿಡ್ಡ; ಶಾಲೆಯಲ್ಲಿ ಎಲ್ಲರೂ ಅವರನ್ನು ಉದ್ದಾಕಿ, ಗಿಡ್ಡಾಕಿ ಎಂದೇ ಕರೆಯುತ್ತಾರೆ. ಉದ್ದಾಕಿಯ ಮನೆಯಲ್ಲಿ ಅಣ್ಣನ ಫೋನಿತ್ತು. ಅವರ ಹೊಲಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬರುತ್ತದೆ. ಗಿಡ್ಡಾಕಿಯ ಅಪ್ಪ ಅವ್ವನ ತುಂಡು ಹೊಲ ಕಾಲುವೆಗೆ ಎಟುಕದ ದಿಣ್ಣೆಯ ಮೇಲಿದೆ. ಊರಲ್ಲಿ ಕೈಗೆ ಕೆಲಸ ಸಿಗದ ತಿಂಗಳುಗಳಲ್ಲಿ ಅವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಹೋಗುವಾಗ ಮನೆಗೆ ಬೀಗ ಹಾಕಿ, ಮಗಳನ್ನು ಎರಡು ಓಣಿ ಆಚೆಗಿರುವ ಅಜ್ಜಿಯ ಹತ್ತಿರ ಬಿಡುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ಮೇಷ್ಟ್ರಾಗಿರುವವರಿಗೆ ಈ ಬೀಗಗಳ ಪರಿಚಯ ಚೆನ್ನಾಗಿದೆ. ಹಾಜರಿ ಕರೆಯುವಾಗ ಉತ್ತರ ಬಾರದ ಹೆಸರುಗಳ ಹಿಂದೆ ಇಂಥದೊಂದು ಬೀಗ ಇದ್ದೇ ಇರುತ್ತದೆ.

ಇಬ್ಬರೂ ಸೇರಿ ಆ ಬೀಗದಿಂದಲೇ ಚಿತ್ರ ಶುರು ಮಾಡುವುದೆಂದು ಗೊತ್ತು ಮಾಡಿದರು. ಅವ್ವ ಊರಲ್ಲಿರಲಿಲ್ಲ. ಗಿಡ್ಡಾಕಿಯೇ ಅವ್ವನ ಸೀರೆ ಉಟ್ಟಳು. ಮುಖ ಕಾಣದಂತೆ ಬರೀ ಕೈಗಳನ್ನು ತೋರಿಸುವುದೆಂದಾಯಿತು. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನೂ ನೋಡಲು ಹೋದೆ. ಹೋಗುವಷ್ಟರಲ್ಲಿ ಜಗಳ ಹತ್ತಿತ್ತು.

“ಬೀಗ ಹಾಕಿ ಆಕಿ ಅಳಬೇಕ್ರಿ ಟೀಚರ್, ಸೆರಗಿಲೆ ಕಣ್ಣೊರಸಿಕೊಳ್ಳಬೇಕು. ಅಂದ್ರ ನೋಡಿದವರಿಗೆ ದುಃಖ ಆಗತೈತಿ,” ಎಂದಳು ಉದ್ದಾಕಿ.

“ನಮ್ಮವ್ವ ಅಳಂಗಿಲ್ರಿ,” ಎಂದಳು ಗಿಡ್ಡಾಕಿ. “ಬೀಗ ಹಾಕಿ ಒಮ್ಮೆ ಜಗ್ಗತಾಳ. ನಾಕು ಹೆಜ್ಜಿ ಹೋಗತಾಳ. ತಿರುಗಿ ಬಂದು ಮತ್ತೊಮ್ಮೆ ಜಗ್ಗತಾಳ. ಅಷ್ಟರಿ.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಉದ್ದಾಕಿ ಒಳಗಿನಿಂದ ಒಂದು ಕೌದಿ ತರಿಸಿ ಮಡಚಿ ಹೊಸ್ತಿಲ ಎದುರು ನೆಲದ ಮೇಲೆ ಹಾಸಿದಳು. ಅದರ ಮೇಲೆ ಫೋನನ್ನು ಅಡ್ಡಲಾಗಿ ಆನಿಸಿಟ್ಟಳು. ಹಾಗೆ ಇಟ್ಟದ್ದರಿಂದ ಮೊದಲು ಬೀಗ, ಕೈ. ಆಮೇಲೆ ದೂರ ಹೋಗುವ ಪಾದಗಳು. ಆಮೇಲೆ ಖಾಲಿ ಬಾಗಿಲು. ಮತ್ತೆ ತಿರುಗಿ ಬರುವ ಪಾದಗಳು, ಬೀಗ ಜಗ್ಗುವ ಕೈ, ಎಲ್ಲ ಒಂದೇ ಓಟದಲ್ಲಿ ಬಂದವು. ಗಾಳಿಯ ಗೊರ್ ಗೊರ್ ಸದ್ದು ಬರದಿರಲೆಂದು ಫೋನಿನ ತಳದ ಸಣ್ಣ ತೂತಿಗೆ ಚೂರು ಹತ್ತಿ ಒತ್ತಿದ್ದಳು. ಬೀಗ ಎರಡನೆಯ ಸಲ ಕಟಕ್ಕೆಂದಾಗ ಅಲ್ಲೇ ನಿಂತಿದ್ದ ನನಗೆ ಎದೆ ಝಲ್ಲೆಂದಿತು. ಕೊನೆಗೆ ಕೀಲಿಕೈ ಅಜ್ಜಿಯ ಅಂಗೈಗೆ ಬೀಳುತ್ತದೆ. ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಎರಡು ನಿಮಿಷಕ್ಕೆ ಹತ್ತು ಸೆಕೆಂಡು ಕಡಿಮೆ.

ಶಾಲೆಯಲ್ಲಿ ತೋರಿಸಿದಾಗ ಎಲ್ಲರೂ “ಎಷ್ಟು ಚಂದ ತೆಗೆದಾಳ” ಎಂದು ಉದ್ದಾಕಿಯ ಬೆನ್ನು ತಟ್ಟಿದರು. ಫೋನು ಹಿಡಿದವಳೇ ಸಿನಿಮಾ ತೆಗೆದವಳು ಎಂಬುದು ಲೋಕರೂಢಿ. ಗಿಡ್ಡಾಕಿ ಪಕ್ಕದಲ್ಲಿ ನಿಂತು ತಾನೂ ನಗುತ್ತಿದ್ದಳು.

ತೊಡಕು ಬಂದದ್ದು ಅರ್ಜಿಯ ಕಾಗದದಲ್ಲಿ. ‘ನಿರ್ದೇಶಕರ ಹೆಸರು’ ಎಂದು ಅಚ್ಚು ಹಾಕಿ ಮುಂದೆ ಒಂದೇ ಒಂದು ಗೆರೆ ಎಳೆದಿದ್ದರು. ಇಬ್ಬರನ್ನೂ ಕರೆದು ಕೇಳಿದೆ. ಉದ್ದಾಕಿ ನೆಲ ನೋಡಿದಳು. ಗಿಡ್ಡಾಕಿ ತಡಮಾಡದೆ ಹೇಳಿದಳು: “ಆಕಿ ಹೆಸರೇ ಬರೀರಿ ಟೀಚರ್. ನಂದೇನು, ಇರಲಿ ಬಿಡ್ರಿ.”

ಎಷ್ಟು ಸುಲಭವಾಗಿ ಬಗೆಹರಿಯಿತು ಎಂದು ಪೆನ್ನಿನ ಟೋಪಿ ತೆಗೆದೆ. ಬರೆಯಲಾಗಲಿಲ್ಲ. ಆ ‘ಇರಲಿ ಬಿಡ್ರಿ’ ನಾನು ಹಿಂದೆ ಒಮ್ಮೆ ಕೇಳಿದ್ದ ಮಾತು. ಕೇಳಿ, ಅನುಕೂಲವಾಯಿತೆಂದು ಸುಮ್ಮನಾಗಿದ್ದ ಮಾತು.

1994ರಲ್ಲಿ ನಾನು ಬಿ.ಎಡ್. ಓದುತ್ತಿದ್ದೆ. ಅಭ್ಯಾಸ ಪಾಠಕ್ಕೆ ಪಾಠೋಪಕರಣ ಮಾಡಬೇಕಿತ್ತು. ಆ ಕಾಲದಲ್ಲಿ ಬಿ.ಎಡ್. ಮಾಡಿದವರಿಗೆ ‘ಸಿನಿಮಾ ಪೆಟ್ಟಿಗೆ’ ನೆನಪಿರಬಹುದು. ಒಂದು ರಟ್ಟಿನ ಪೆಟ್ಟಿಗೆ, ಅದಕ್ಕೆ ಟಿ.ವಿ.ಯ ಹಾಗೆ ಕಿಟಕಿ, ಒಳಗೆ ಎರಡು ಕೋಲು. ಕೋಲುಗಳಿಗೆ ಉದ್ದನೆಯ ಚಿತ್ರಪಟ ಸುತ್ತಿರುತ್ತದೆ. ಒಂದು ಕೋಲು ಬಿಚ್ಚುತ್ತ ಹೋದಂತೆ ಇನ್ನೊಂದು ಸುತ್ತಿಕೊಳ್ಳುತ್ತದೆ, ಕಿಟಕಿಯಲ್ಲಿ ಚಿತ್ರಗಳು ಸಾಗುತ್ತವೆ. ನಾನೂ ಮಾನ್ವಿ ಕಡೆಯ ನನ್ನೊಬ್ಬ ಗೆಳತಿಯೂ ಕೂಡಿ ಅಂಥದೊಂದು ಪೆಟ್ಟಿಗೆ ಮಾಡಿದೆವು. ವಿಷಯ ಹತ್ತಿ. ಚಿತ್ರ ಬರೆದವಳು ನಾನು. ಕಿಟಕಿ ಕೊರೆದು, ಕೋಲು ಕೂಡಿಸಿ, ಪಟ ಎಲ್ಲೂ ಸಿಕ್ಕಿಕೊಳ್ಳದ ಹಾಗೆ ಮಾಡಿದವಳು ಅವಳು.

ನಾನು ಬೀಜದಿಂದ ಆರಂಭಿಸಿದ್ದೆ: ಬೀಜ, ಸಸಿ, ಹೂವು, ಕಾಯಿ, ಅರಳೆ, ನೂಲು, ಬಟ್ಟೆ. ಪಾಠದ ಪುಸ್ತಕದಲ್ಲಿ ಇದ್ದದ್ದೂ ಹಾಗೆಯೇ. ಗೆಳತಿ ನೋಡಿ ಅಂದಳು: “ನಮ್ಮ ಹುಡುಗರು ಹತ್ತಿಬೀಜ ನೋಡೇ ಬೆಳೆದಾರ. ಅದನ್ನೇ ಮೊದಲು ತೋರಿಸಿದರ ಆಕಳಿಸತಾವ. ಹರಿದ ಅಂಗಿಯಿಂದ ಶುರು ಮಾಡು. ಇದು ಎಲ್ಲಿಂದ ಬಂತು ಅಂತ ಅವೇ ಕೇಳಲಿ.” ಒಂದು ಹರಿದ ಅಂಗಿ ಬರೆದು ಮೊದಲಿಗೆ ಅಂಟಿಸಿದೆ.

ಪಾಠದ ದಿನ ಅವಳು ಒಂದು ಕೋಲು ಹಿಡಿದಳು, ನಾನೊಂದು. ಅಂಗಿ ಕಾಣಿಸಿದ್ದೇ ಮಕ್ಕಳು ಗೊಳ್ಳೆಂದು ನಕ್ಕು, ಆಮೇಲೆ ಪಿಳಿಪಿಳಿ ನೋಡುತ್ತ ಕುಳಿತರು. ಪಾಠ ನೋಡಲು ಬಂದಿದ್ದ ಹಿರಿಯರು ಕೊನೆಗೆ ಕೇಳಿದರು: “ಪೆಟ್ಟಿಗೆ ಎಲ್ಲರೂ ಮಾಡುತ್ತಾರೆ. ಈ ಆರಂಭ ಬಹಳ ಚೆನ್ನಾಗಿದೆ. ಯಾರ ಯೋಚನೆ?”

“ನನ್ನದು ಸರ್,” ಎಂದೆ.

ಗೆಳತಿ ಪೆಟ್ಟಿಗೆಯ ಆ ಬದಿಗೆ, ಕೋಲು ಕೈಯಲ್ಲೇ ಹಿಡಿದು ನಿಂತಿದ್ದಳು. ನಾನು ಬೇಕೆಂದು ಸುಳ್ಳು ಹೇಳಿದೆನೇ? ಇಷ್ಟು ವರ್ಷ ಯೋಚಿಸಿದರೂ ಸರಿಯಾಗಿ ತಿಳಿಯದು. ಬಾಯಿಗೆ ಬಂದುಬಿಟ್ಟಿತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಒಂದು ನಿಮಿಷವಾದರೂ ಇತ್ತು, ತೆಗೆದುಕೊಳ್ಳಲಿಲ್ಲ. ಸಂಜೆ ಹಾಸ್ಟೆಲಿನ ದಾರಿಯಲ್ಲಿ ತಡವರಿಸುತ್ತ ಏನೋ ಹೇಳಹೋದೆ. “ಇರಲಿ ಬಿಡು,” ಎಂದಳು. ಪಾಪ ಪರಿಹಾರವಾಯಿತೆಂದು ನಾನು ಹಗುರಾಗಿಬಿಟ್ಟೆ.

ಇಬ್ಬರು ಕೂಡಿ ಒಂದು ಕೆಲಸ ಮಾಡಿದಾಗ ಅದು ಯಾರದು? ಪಾಲು ಮಾಡಿ ನೋಡೋಣವೆಂದರೆ ಆಗುವುದಿಲ್ಲ. ಹುಡುಗಿಯರ ಚಿತ್ರವನ್ನೇ ತೆಗೆದುಕೊಳ್ಳಿ. ಬೀಗ ಗಿಡ್ಡಾಕಿಯದು, ನೋಟ ಉದ್ದಾಕಿಯದು ಎನ್ನಬಹುದು. ಆದರೆ ಉದ್ದಾಕಿ ‘ಅಳಬೇಕು’ ಎಂದು ಹಟ ಹಿಡಿಯದಿದ್ದರೆ ಗಿಡ್ಡಾಕಿಗೆ ಅವ್ವ ಅಳುವುದಿಲ್ಲವೆಂಬುದು ಬಾಯಿಗೆ ಬರುತ್ತಿತ್ತೇ? ದಿನವೂ ನೋಡಿದ್ದನ್ನು ಯಾರು ಹೇಳಹೋಗುತ್ತಾರೆ? ಚಿತ್ರದಲ್ಲಿ ಎಲ್ಲಕ್ಕಿಂತ ಒಳ್ಳೆಯದಾದ ಆ ಎರಡನೆಯ ಜಗ್ಗು ಇಬ್ಬರ ತಲೆಯಲ್ಲೂ ಇರಲಿಲ್ಲ. ಇಬ್ಬರ ನಡುವಿನ ಜಗಳದಲ್ಲಿತ್ತು. ಶಾವಿಗೆ ಹೊಸೆಯುವಾಗ ಮಣೆಯ ಮೇಲೆ ಕುಳಿತವಳು ಎಳೆ ಬಿಡುತ್ತಾಳೆ, ಎದುರಿನವಳು ಹಿಡಿದು ಕೋಲಿಗೆ ಹಾಕುತ್ತಾಳೆ. ಆ ಎಳೆ ಯಾರದೆಂದು ಹೇಗೆ ಹೇಳುವುದು?

ಸಿನಿಮಾ ಲೋಕದಲ್ಲಿ ಇದಕ್ಕೊಂದು ಒಳ್ಳೆಯ ದಾರಿ ಕಂಡುಕೊಂಡವರಿದ್ದಾರೆ. ನಮ್ಮ ಓದುಗ ಗೆಳತಿಯರಲ್ಲಿ ‘ಕಸ್ತೂರಿ ನಿವಾಸ’, ‘ಎರಡು ಕನಸು’ ನೋಡದವರು ಕಡಿಮೆ. ಅವುಗಳ ನಿರ್ದೇಶಕರು ದೊರೈ–ಭಗವಾನ್. ಚಿಕ್ಕಂದಿನಲ್ಲಿ ನಾನು ಅದು ಒಬ್ಬರೇ ಮನುಷ್ಯರ ಹೆಸರೆಂದು ತಿಳಿದಿದ್ದೆ. ಅವರು ಇಬ್ಬರು: ದೊರೈರಾಜ್ ಕ್ಯಾಮೆರಾ ಹಿಡಿದವರು, ಎಸ್. ಕೆ. ಭಗವಾನ್ ನಿರ್ದೇಶನದಲ್ಲಿ ಪಳಗಿದವರು. 1968ರ ‘ಜೇಡರ ಬಲೆ’ಯಿಂದ ಇಬ್ಬರ ಹೆಸರೂ ಒಂದೇ ಹೆಸರಾಗಿ ತೆರೆಯ ಮೇಲೆ ಬರುತ್ತ ಹೋಯಿತು. 2000ದಲ್ಲಿ ದೊರೈರಾಜ್ ತೀರಿಕೊಂಡರು, 2023ರಲ್ಲಿ ಭಗವಾನ್ ಹೋದರು; ಜನರ ಬಾಯಲ್ಲಿ ಇಂದಿಗೂ ದೊರೈ–ಭಗವಾನ್ ಎಂದೇ. ಭೈರಪ್ಪನವರ ಕಾದಂಬರಿಯಿಂದ ‘ವಂಶವೃಕ್ಷ’ ಚಿತ್ರ ಮಾಡಿದ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರೂ ಹಾಗೆಯೇ. 1971ರ ಸಾಲಿನ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. ಮುಂದೆ ಕಾರ್ನಾಡರು ‘ಕಾಡು’, ಕಾರಂತರು ‘ಚೋಮನ ದುಡಿ’ ಎಂದು ಬೇರೆಬೇರೆಯಾಗಿ ಮಾಡಿದರು. ತಿರುಗಿ ‘ತಬ್ಬಲಿಯು ನೀನಾದೆ ಮಗನೆ’ಗೆ ಕೂಡಿದರು. ಒಂಟಿಯಾಗಿ ಮಾಡಬಲ್ಲವರೇ ಜೊತೆಗೂಡಿದರು ಎಂಬುದು ಇದರಲ್ಲಿ ನನಗೆ ಹಿಡಿಸಿದ ಸಂಗತಿ.

ಇನ್ನೊಂದು ಜೋಡಿಯದು ಬೇರೆ ಕಥೆ. ಭಾರತದಲ್ಲಿ ಪೂರ್ಣ ಕಥಾಚಿತ್ರಕ್ಕೆ ದಾರಿ ಹಾಕಿದ ದಾದಾಸಾಹೇಬ ಫಾಲ್ಕೆಯವರು 1912ರಲ್ಲಿ ಮೊದಲು ಒಂದು ಪುಟ್ಟ ಚಿತ್ರ ತೆಗೆದರು. ಕುಂಡದಲ್ಲಿ ಬಟಾಣಿಯ ಬೀಜ ಮೊಳೆತು ಬೆಳೆಯುವುದನ್ನು ದಿನದಿನವೂ ಸ್ವಲ್ಪ ಸ್ವಲ್ಪ ಹಿಡಿದು, ಕೂಡಿಸಿ ತೋರಿಸಿದರು. ಹಣ ಕೊಡುವವರಿಗೆ ನಂಬಿಕೆ ಬರಲೆಂದು ಮಾಡಿದ್ದು. ನಮ್ಮ ಹುಡುಗಿಯರ ಎರಡು ನಿಮಿಷದ ಹಾಗೆ ಅದೂ ಒಂದು ಆರಂಭವೇ. 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಬಂತು. ಅವರ ಹೆಂಡತಿ ಸರಸ್ವತೀಬಾಯಿ ಈ ಕೆಲಸಕ್ಕೆ ಒಡವೆ ಕೊಟ್ಟರು. ಕೆಲಸಗಾರರಿಗೆಲ್ಲ ಅಡಿಗೆ ಮಾಡಿ ಹಾಕಿದರು. ಆಗ ಫಿಲ್ಮಿನ ಸುರುಳಿ ಅಂಚಿಗೆ ತೂತುಗಳಿಲ್ಲದೆ ಬರುತ್ತಿತ್ತು. ತೂತಿಲ್ಲದೆ ಅದು ಕ್ಯಾಮೆರಾದಲ್ಲಿ ಓಡದು. ಬೆಳಕು ತಾಗಿದರೆ ಕೆಡುವ ಆ ಸುರುಳಿಗೆ ಕತ್ತಲಲ್ಲಿ ಕುಳಿತು ತೂತು ಹಾಕುವುದನ್ನು ಅವರು ಕಲಿತರು. ಫಾಲ್ಕೆಯವರ ಹೆಸರಿನಲ್ಲಿ ಇಂದು ದೇಶದ ದೊಡ್ಡ ಸಿನಿಮಾ ಪ್ರಶಸ್ತಿಯಿದೆ, ಇರಲೇಬೇಕು. ಸರಸ್ವತೀಬಾಯಿಯ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅವರೂ ‘ಇರಲಿ ಬಿಡ್ರಿ’ ಎಂದಿದ್ದರೋ ಏನೋ. ಕೇಳಿದವರಾದರೂ ಯಾರು?

ಇದು ಹೆಣ್ಣುಮಕ್ಕಳಿಗಷ್ಟೇ ಆಗುವಂಥದೂ ಅಲ್ಲ. ನಾನು ಕನ್ನಡ ಪಾಠ ಹೇಳುವವಳು. 9ನೆಯ ಶತಮಾನದ ‘ಕವಿರಾಜಮಾರ್ಗ’ವನ್ನು ಬಹುಕಾಲ ರಾಷ್ಟ್ರಕೂಟರ ದೊರೆ ನೃಪತುಂಗನೇ ಬರೆದನೆಂದು ಓದಿದರು. ಅದು ದೊರೆಯ ಒಪ್ಪಿಗೆಯಂತೆ ಶ್ರೀವಿಜಯನೆಂಬ ಆಸ್ಥಾನಕವಿ ಬರೆದದ್ದೆಂದು ವಿದ್ವಾಂಸರು ತೋರಿಸಿಕೊಡಬೇಕಾಯಿತು. ಅವರ ರಾಜಧಾನಿ ಮಳಖೇಡ ನಮಗೇನೂ ದೂರದ ಊರಲ್ಲ. ಆ ಆಸ್ಥಾನದಲ್ಲೂ ಒಂದೇ ಗೆರೆಯ ಅರ್ಜಿ ಇತ್ತೆಂದು ಕಾಣುತ್ತದೆ.

ಹೆಸರಿಗೆ ಯಾಕಿಷ್ಟು ಬಡಿದಾಟ, ಕೆಲಸ ಆದರೆ ಸಾಲದೇ ಎಂದು ಕೆಲವರು ಕೇಳಿಯಾರು. ನಾನೇ ನನಗೆ ಕೇಳಿಕೊಂಡೆ. ನಮ್ಮ ಅಜ್ಜಿಯಂದಿರು ಹೊಲಿದ ಕೌದಿಗಳ ಮೇಲೆ ಯಾರ ಹೆಸರಿದೆ? ಓಣಿಯ ನಾಲ್ಕು ಹೆಂಗಸರು ಕೂಡಿ ಹೊಲಿದರು, ಮೊಮ್ಮಕ್ಕಳು ಹೊದ್ದು ಮಲಗಿದರು. ಆ ಹೆಸರಿಲ್ಲದ ದುಡಿಮೆಯಲ್ಲಿ ಒಂದು ದೊಡ್ಡತನವಿದೆ, ಇಲ್ಲವೆನ್ನಲಾರೆ. ಆದರೆ ಕೌದಿಯ ಮೇಲೆ ನಾಲ್ವರದೂ ಹೆಸರಿರಲಿಲ್ಲ ಎಂಬುದನ್ನು ಮರೆಯಬಾರದು. ಅಲ್ಲಿ ಎಲ್ಲರೂ ಬಿಟ್ಟರು. ಮೂವರು ಬಿಟ್ಟು ಒಬ್ಬಳದು ಮಾತ್ರ ಉಳಿದಿದ್ದರೆ ಅದು ದೊಡ್ಡತನದ ಕಥೆಯಾಗಿರುತ್ತಿರಲಿಲ್ಲ.

ಕಡೆಗೆ ನನಗೆ ತಿಳಿದದ್ದು ಇಷ್ಟು: ನನ್ನ ಹೆಸರನ್ನು ನಾನು ಬಿಡಬಹುದು, ಅದು ನನ್ನ ಇಚ್ಛೆ. ಇನ್ನೊಬ್ಬರ ಹೆಸರು ಬಿಡುವ ಅಧಿಕಾರ ನನಗಿಲ್ಲ. ಆಕೆ ಬೇಡವೆಂದರೂ ಇಲ್ಲ. ಯಾಕೆಂದರೆ ‘ಇರಲಿ ಬಿಡ್ರಿ’ ಎನ್ನುವವಳು ಏಕೆ ಹಾಗೆನ್ನುತ್ತಾಳೆ ಎಂಬುದು ನಮಗೆ ಗೊತ್ತಾಗುವುದಿಲ್ಲ. ಮನಸಾರೆ ಕೊಡುತ್ತಿರಬಹುದು. ಕೇಳಿದರೆ ಸಣ್ಣವಳಾಗುತ್ತೇನೆಂಬ ಅಂಜಿಕೆ ಇರಬಹುದು. ಗಿಡ್ಡಾಕಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದಾಗ ಬಹಳ ಹೊತ್ತಿನ ಮೇಲೆ ಹೇಳಿದಳು: “ಫೋನ್ ಆಕೀದರಿ. ನಾ ಹೆಸರು ಕೇಳಿದರ ಮುಂದಿನ ಸಲ ಕರ್ಕೊಳ್ಳಾಕಿಲ್ಲ.” ಹದಿನಾಲ್ಕರ ಹುಡುಗಿ ಲೆಕ್ಕ ಹಾಕಿಯೇ ದೊಡ್ಡ ಮನಸ್ಸು ಮಾಡಿದ್ದಳು. ಇಂಥ ಲೆಕ್ಕ ಹಾಕದ ಹೆಂಗಸು ನಮ್ಮಲ್ಲಿ ಯಾರಿದ್ದೇವೆ?

ಉದ್ದಾಕಿಯನ್ನು ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿರಲಿಲ್ಲ. ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, “ನೀ ಏನು ಮಾಡಿದಿ ಅಂತ ಬರೀಬೇಡ. ಜೊತೆಗಾರ್ತಿ ಏನು ಮಾಡಿದಳು ಅದನ್ನ ಬರಿ,” ಎಂದೆ. ಉದ್ದಾಕಿ ಪೆನ್ನು ಕಚ್ಚುತ್ತ ಕುಳಿತು ಬರೆದಳು: ‘ಬೀಗ ಎರಡು ಸಲ ಜಗ್ಗಬೇಕು ಅಂದಾಕಿ ಆಕಿ. ನಾನು ಅಳಸಾಕ ಹೊಂಟಿದ್ದೆ.’ ಗಿಡ್ಡಾಕಿ ಬರೆದಳು: ‘ನಮ್ಮ ಮನಿ ಬಾಗಿಲ ನೆಲದಿಂದ ನೋಡಿದರ ಹಾಂಗ ಕಾಣತೈತಿ ಅಂತ ನನಗ ಗೊತ್ತಿರಲಿಲ್ಲ. ಆಕಿ ತೋರಿಸಿದಳು.’ ಹಾಳೆ ಅದಲುಬದಲು ಮಾಡಿ ಓದಿಸಿದೆ. ಇಬ್ಬರ ಮುಖವೂ ಕೆಂಪಾಯಿತು. ಆ ಒಂದೇ ಗೆರೆಯ ಮೇಲೆ ಇಬ್ಬರ ಹೆಸರನ್ನೂ ಸಣ್ಣ ಅಕ್ಷರದಲ್ಲಿ ಒತ್ತೊತ್ತಾಗಿ ಬರೆದೆ. ಗೆರೆ ಸಾಲದೆ ಕೊನೆಯ ಎರಡಕ್ಷರ ಅಂಚಿಗೆ ಹೋದವು.

ಅಜ್ಜಿಯ ಹೆಸರೂ ಹಾಕಬೇಕೆಂದು ಹುಡುಗಿಯರೇ ಹೊರಟರು. ಕೀಲಿಕೈ ಆಕೆಯದಲ್ಲವೇ? ಅಜ್ಜಿಗೆ ಹೇಳಿದರೆ, “ಇರಲಿ ಬಿಡ್ರವ್ವ, ನನ್ನ ಹೆಸರು ಯಾತಕ್ಕ? ಸೀರಿ ಚಂದ ಕಾಣತೈತೋ ಇಲ್ಲೋ ಅಷ್ಟು ಹೇಳ್ರಿ,” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು. ಆ ‘ಇರಲಿ ಬಿಡ್ರಿ’ಯಲ್ಲಿ ಲೆಕ್ಕವಿರಲಿಲ್ಲ. ಆದರೂ ಚಿತ್ರದ ಕೊನೆಗೆ ಆಕೆಯ ಹೆಸರು ಹಾಕಿದರು.

ಚಿತ್ರ ಮುಂದಿನ ಸುತ್ತಿಗೆ ಹೋಗಲಿಲ್ಲ. ಎರಡು ದಿನ ಇಬ್ಬರೂ ಮುಖ ಸಣ್ಣದು ಮಾಡಿಕೊಂಡಿದ್ದರು, ಕೂಡಿಯೇ. ಈಗ ಇನ್ನೊಂದು ಆರಂಭದ ಮಾತಾಡುತ್ತಿದ್ದಾರೆ. ಈ ಸಲದ ಜಗಳ ಮೊದಲಿಗಿಂತ ಜೋರಾಗಿದೆ.

ಅದೇ ವಾರ ನಾನು ಗೆಳತಿಗೆ ಫೋನ್ ಮಾಡಿದೆ. ಅವಳೂ ನನ್ನ ಹಾಗೆ ಕೂದಲು ನೆರೆತ ಟೀಚರು. ಮೂವತ್ತು ವರ್ಷದ ಹಿಂದಿನ ಅಂಗಿಯ ಚಿತ್ರದ ಮಾತು ತೆಗೆದು, “ಅದು ನಿನ್ನ ಯೋಚನೆ ಆಗಿತ್ತು, ನಾನು ನನ್ನದು ಅಂದೆ,” ಎಂದು ಹೇಳಿಬಿಟ್ಟೆ. ಆ ಕಡೆ ಸದ್ದಿಲ್ಲ. ಮರೆತಿರಬಹುದೆಂದು ಒಳಗೊಳಗೇ ಆಸೆಪಟ್ಟೆ.

“ನೆನಪೈತಿ,” ಎಂದಳು. ಈ ಸಲ ಇರಲಿ ಬಿಡು ಎನ್ನಲಿಲ್ಲ. ನಾನು ಇದನ್ನು ಬರೆಯುತ್ತೇನೆ, ನಿನ್ನ ಹೆಸರು ಹಾಕಲೇ ಎಂದೆ. “ಈಗ ಹೆಸರು ಬ್ಯಾಡ. ನಡೆದದ್ದು ಬರಿ,” ಎಂದಳು. ಆಮೇಲೆ ಕೇಳಿದಳು: “ಆ ಪೆಟ್ಟಿಗಿ ಎಲ್ಲೈತಿ? ನಿನ್ನ ಹತ್ತಿರನ ಇತ್ತಲ್ಲ.”

ನನಗೆ ಗೊತ್ತಿರಲಿಲ್ಲ. ಯಾವ ಮನೆ ಬದಲಿಸುವಾಗ ಹೋಯಿತೋ, ಯಾವ ಮಳೆಗಾಲದಲ್ಲಿ ನೆನೆಯಿತೋ. ನನ್ನದೆಂದು ಅಷ್ಟು ಅವಸರದಿಂದ ಹೇಳಿಕೊಂಡದ್ದನ್ನು ನಾನು ಜೋಪಾನ ಕೂಡ ಮಾಡಿರಲಿಲ್ಲ.